200 ಯೂನಿಟ್ ದಾಟಿಸೋದು ಎಸಿ ಒಂದೇ ಅಲ್ಲ: ಬೇಸಿಗೇಲಿ ಮನೆ ಕರೆಂಟು ಎಲ್ಲಿ ಹೋಗುತ್ತೆ

2025ರ ಏಪ್ರಿಲ್ ತಿಂಗಳ ಕರೆಂಟ್ ಬಿಲ್ ಕೈಗೆ ಬಂದಾಗ ಅಪ್ಪ ಅದನ್ನ ಎರಡು ಸಲ ತಿರುಗಿಸಿ ನೋಡಿದ್ರು. ತಿಂಗಳುಗಟ್ಟಲೆ ಸೊನ್ನೆ ಬರ್ತಿದ್ದ ಬಿಲ್ಲು, ಈ ಸಲ 1,700 ರೂಪಾಯಿ ಹತ್ರ. ನಮ್ಮದು ದಾವಣಗೆರೆಯಲ್ಲಿ ಒಂದು ಸಾಧಾರಣ ಆರ್‌ಸಿಸಿ ಮನೆ, ಎಸಿ ಇಲ್ಲ, ಗೀಸರ್ ಮಾರ್ಚಲ್ಲೇ ಆಫ್ ಮಾಡಿಬಿಟ್ಟಿದ್ವಿ. ಹಂಗಿದ್ರೂ ಮೀಟರ್ 207 ಯೂನಿಟ್ ತೋರಿಸ್ತಿತ್ತು. "ಎಲ್ಲೋ ಮೀಟರ್ ಕೆಟ್ಟಿರಬೇಕು ನೋಡೋ" ಅಂದ್ರು ಅಪ್ಪ. ಮೀಟರ್ ಕೆಟ್ಟಿರ್ಲಿಲ್ಲ. ಕರೆಂಟ್ ಎಲ್ಲಿ ಹೋಗ್ತಿದೆ ಅಂತ ನಮಗೇ ಗೊತ್ತಿರ್ಲಿಲ್ಲ ಅಷ್ಟೇ, ಆಮೇಲೆ ಒಂದೊಂದಾಗಿ ಹುಡುಕಿದ ಮೇಲೆ ತಿಳಿದದ್ದನ್ನೆಲ್ಲ ಇಲ್ಲಿ ಬರೀತಿದೀನಿ, ಯಾಕಂದ್ರೆ ಪ್ರತಿ ಬೇಸಿಗೇಲೂ ಎಷ್ಟೋ ಮನೆಗಳಲ್ಲಿ ಇದೇ ಕಥೆ.

ಮೊದಲು ಆ 200ರ ಗೆರೆ ಅರ್ಥ ಮಾಡ್ಕೋಬೇಕು. ರಾಜ್ಯ ಸರ್ಕಾರದ ಫ್ರೀ ಕರೆಂಟ್ ಯೋಜನೆ ಗೃಹಜ್ಯೋತಿ 2023ರ ಜುಲೈನಲ್ಲಿ ಶುರುವಾದಾಗ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಬಾಯಿಂದ ಬಾಯಿಗೆ ಹೋಯ್ತು, ಆದ್ರೆ ಲೆಕ್ಕ ಅಷ್ಟು ನೇರ ಇಲ್ಲ. 2022-23ನೇ ಸಾಲಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿದೆಯೋ ಅದರ ಮೇಲೆ ಶೇ. 10 ಸೇರಿಸಿದ್ರೆ ಬರೋದು ನಿಮ್ಮ ಫ್ರೀ ಮಿತಿ (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಅಂತ ಮಾಡಿದ್ರು). ನಮ್ಮದು ಸರಾಸರಿ 145, ಹಾಗಾಗಿ ಮಿತಿ 159. ಈ ಮಿತಿ ದಾಟಿ 200ರ ಒಳಗೇ ಇದ್ರೆ ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದ್ರೋ, ಫ್ರೀ ಅನ್ನೋದೇ ಇಲ್ಲ, ಮೊದಲನೇ ಯೂನಿಟ್‌ನಿಂದ ಪೂರ್ತಿ ಬಿಲ್ ಕಟ್ಟಬೇಕು. ಅಂದ್ರೆ ನಾವು 199ರಲ್ಲಿ ನಿಂತಿದ್ರೆ ಹೆಚ್ಚುವರಿ 40 ಯೂನಿಟ್ ದುಡ್ಡಲ್ಲಿ ಮುಗೀತಿತ್ತು, 207ಕ್ಕೆ ಹೋಗಿದ್ದಕ್ಕೆ ಎಲ್ಲಾ 207ಕ್ಕೂ ಕಟ್ಟಿದ್ವಿ.

ಪೂರ್ತಿ ಬಿಲ್ ಅಂದ್ರೆ ಏನೇನು ಸೇರುತ್ತೆ ಅಂತನೂ ನೋಡಿ. 2025-26ರ ದರದಲ್ಲಿ ಮನೆ ಕರೆಂಟಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು, ಹಿಂದಿನ ಥರ ಸ್ಲ್ಯಾಬ್ ಇರ್ಲಿಲ್ಲ. ಅದರ ಮೇಲೆ ವಿದ್ಯುತ್ ನೌಕರರ ಪೆನ್ಷನ್-ಗ್ರಾಚ್ಯುಟಿ ಲೆಕ್ಕಕ್ಕೆ ಯೂನಿಟ್‌ಗೆ 36 ಪೈಸೆ, ಶೇ. 9 ವಿದ್ಯುತ್ ತೆರಿಗೆ, ಎಲ್ಲಾ ಸೇರಿದ್ರೆ ಒಂದು ಯೂನಿಟ್ ಸುಮಾರು 6 ರೂಪಾಯಿ 70 ಪೈಸೆ ಬೀಳ್ತಿತ್ತು. ಇದಲ್ಲದೆ ಮನೆಗೆ ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಇದೆಯೋ ಪ್ರತಿ ಕಿಲೋವ್ಯಾಟ್‌ಗೆ ಆ ವರ್ಷ 145 ರೂಪಾಯಿ ಫಿಕ್ಸೆಡ್ ಚಾರ್ಜು ಇತ್ತು, ಅದು ಕರೆಂಟ್ ಬಳಸಿದ್ರೂ ಅಷ್ಟೇ ಬಳಸದಿದ್ರೂ ಅಷ್ಟೇ.

ಈಗ ಅಸಲು ವಿಷಯ. ಯೂನಿಟ್ ಅಂದ್ರೆ 1000 ವ್ಯಾಟ್‌ನ ಸಾಮಾನು ಒಂದು ಗಂಟೆ ಓಡೋದು. ಇದನ್ನ ಎಲ್ರೂ ಸ್ಕೂಲಲ್ಲಿ ಓದಿರ್ತೀವಿ, ಆದ್ರೆ ಮನೇಲಿ ನಾವು ನೋಡೋದು ವ್ಯಾಟ್ ಮಾತ್ರ, ಗಂಟೆ ಮರೆತುಬಿಡ್ತೀವಿ. ಅಮ್ಮ ಇಸ್ತ್ರಿ ಪೆಟ್ಟಿಗೆ ಹಾಕಿದ್ರೆ "ಬೇಗ ತೆಗಿ, ಕರೆಂಟ್ ಎಳೆಯುತ್ತೆ" ಅಂತ ಅಪ್ಪ ಕೂಗ್ತಾರೆ, ಅದೇ ಹಾಲ್ ಫ್ಯಾನು ಯಾರೂ ಇಲ್ಲದಿದ್ರೂ ಬೆಳಗಿಂದ ರಾತ್ರಿವರೆಗೆ ತಿರುಗ್ತಾನೇ ಇರುತ್ತೆ, ಅದನ್ನ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲ್ಲ. 1000 ವ್ಯಾಟ್ ಇಸ್ತ್ರಿ ಹತ್ತು ನಿಮಿಷಕ್ಕೆ ತಿನ್ನೋದು 0.17 ಯೂನಿಟ್. 75 ವ್ಯಾಟ್‌ನ ಹಳೇ ಫ್ಯಾನು 16 ಗಂಟೆಗೆ ತಿನ್ನೋದು 1.2 ಯೂನಿಟ್. ಏಳು ಪಟ್ಟು!

ನಮ್ಮ ಮನೇದು ಹೀಗಿತ್ತು. ನಾಲ್ಕು ಹಳೇ ಫ್ಯಾನು, ಎಲ್ಲಾ ಸೇರಿ ದಿನಕ್ಕೆ 42 ಗಂಟೆ ಓಡ್ತಿದ್ವು, ಅಂದ್ರೆ ತಿಂಗಳಿಗೆ 95 ಯೂನಿಟ್ ಬರೀ ಫ್ಯಾನಿಗೆ. ಫ್ರಿಜ್ಜು 39. ಟಿವಿ, ಲೈಟು ಸೇರಿ 18, ಎಲ್ಲಾ ಎಲ್ಇಡಿ ಬಲ್ಬು ಇರೋದ್ರಿಂದ ಅದು ಕಡಿಮೆ. ಸಂಪಿಂದ ಟ್ಯಾಂಕಿಗೆ ನೀರೆತ್ತೋ ಮೋಟ್ರು 8, ಮಿಕ್ಸಿ, ವಾಷಿಂಗ್ ಮಷೀನು, ಇಸ್ತ್ರಿ ಒಟ್ಟಿಗೆ 7. ಕೂಡಿಸಿದ್ರೆ 167. ಬಿಲ್ಲಲ್ಲಿ 207. ಹಾಗಾದ್ರೆ ಉಳಿದ 40 ಎಲ್ಲಿಗೆ ಹೋಯ್ತು?

ಅದನ್ನ ಹಿಡಿದದ್ದು ಮೀಟರ್‌ನ ಕೆಂಪು ಲೈಟು. ಈಗಿನ ಡಿಜಿಟಲ್ ಮೀಟರ್ ಮೇಲೆ ಒಂದು ಸಣ್ಣ ಕೆಂಪು ಎಲ್ಇಡಿ ಮಿಣುಕ್ತಾ ಇರುತ್ತೆ ನೋಡಿ, ಪಕ್ಕದಲ್ಲಿ 3200 ಇಂಪಲ್ಸ್ ಅಂತಲೋ 1600 ಅಂತಲೋ ಬರೆದಿರುತ್ತೆ. 3200 ಅಂತಿದ್ರೆ ಅದು 3200 ಸಲ ಮಿಣುಕಿದ್ರೆ ಒಂದು ಯೂನಿಟ್ ಅಂತ ಅರ್ಥ. ಲೆಕ್ಕ ಹಾಕಿದ್ರೆ ನಿಮಿಷಕ್ಕೆ ಒಂದು ಮಿಣುಕು ಅಂದ್ರೆ ಸುಮಾರು 19 ವ್ಯಾಟ್, ಅದು ಹಗಲೂ ರಾತ್ರಿ ಹಂಗೇ ಇದ್ರೆ ತಿಂಗಳಿಗೆ 13-14 ಯೂನಿಟ್. ಒಂದು ಭಾನುವಾರ ಮಧ್ಯಾಹ್ನ ಫ್ಯಾನು, ಲೈಟು, ಟಿವಿ ಎಲ್ಲಾ ಆಫ್ ಮಾಡಿ, ಫ್ರಿಜ್ ಪ್ಲಗ್ಗೂ ಕಿತ್ತು, ಗೇಟ್ ಪಕ್ಕ ಮೀಟರ್ ಬೋರ್ಡ್ ಮುಂದೆ ಮೊಬೈಲ್ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತೆ. ಮನೇಲಿ ಏನೂ ಓಡ್ತಿಲ್ಲ ಅಲ್ವಾ, ಮಿಣುಕೋದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇಪ್ಪತ್ತು ಸೆಕೆಂಡಿಗೊಂದು, ಇಪ್ಪತ್ತು ಸೆಕೆಂಡಿಗೊಂದು, ನಿಮಿಷಕ್ಕೆ ಕರೆಕ್ಟಾಗಿ ಮೂರು. ಅಂದ್ರೆ 56 ವ್ಯಾಟು, ತಿಂಗಳಿಗೆ 40 ಯೂನಿಟ್!

ಒಳಗೆ ಹೋಗಿ ಒಂದೊಂದೇ ಕಿತ್ತು ನೋಡಿದ್ವಿ, ನನ್ನ ಹೆಂಡತಿ ಒಳಗಿಂದ "ತೆಗೆದೆ" ಅಂತ ಕೂಗೋದು, ನಾನು ಹೊರಗೆ ಎಣಿಸೋದು. ಅರ್ಧಕ್ಕಿಂತ ಹೆಚ್ಚು ತಿಂತಿದ್ದದ್ದು ಯುಪಿಎಸ್. ಬ್ಯಾಟರಿ ಆರು ವರ್ಷ ಹಳೇದು, ಚಾರ್ಜ್ ಹಿಡಿಯಲ್ಲ, ಹಿಡಿಯದೇ ಇರೋದಕ್ಕೇ ಯಾವಾಗ್ಲೂ ಚಾರ್ಜ್ ಆಗ್ತಾನೇ ಇರ್ತಿತ್ತು. ಆಮೇಲೆ ಟಿವಿ ಸೆಟ್‌ಟಾಪ್ ಬಾಕ್ಸು, ರಿಮೋಟಲ್ಲಿ ಆಫ್ ಮಾಡಿದ್ರೂ ಅದು ಒಳಗೆ ಬಿಸಿ ಇರುತ್ತೆ, ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ. ಉಳಿದದ್ದು ವೈಫೈ ರೂಟರ್ರು. ಸೆಟ್‌ಟಾಪ್ ಬಾಕ್ಸ್ ಸ್ವಿಚ್ಚಲ್ಲೇ ಆಫ್ ಮಾಡೋ ಅಭ್ಯಾಸ ಮಾಡ್ಕೊಂಡ್ವಿ, ರೂಟರ್ ರಾತ್ರಿ ಮಲಗೋವಾಗ ಆಫ್, ಬ್ಯಾಟರಿ ಬದಲಾಯಿಸಿದ್ವಿ. 40 ಇದ್ದದ್ದು 15ಕ್ಕೆ ಬಂತು. ಯಾರಾದ್ರೂ ನನ್ನ ಕೇಳಿದ್ರೆ ಮೊದಲು ಈ ಮಿಣುಕು ಎಣಿಸಿ ನೋಡಿ ಅಂತೀನಿ, ಹೊಸ ಸಾಮಾನು ತಗೊಳ್ಳೋಕೆ ಮುಂಚೆ, ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಗಂಟೇಲಿ ಮುಗಿಯೋ ಕೆಲಸ ಇದು.

ಇನ್ನು ಫ್ಯಾನು. ಫ್ಯಾನು ಕೋಣೇನ ತಂಪು ಮಾಡಲ್ಲ. ಗಾಳಿ ಮೈಮೇಲಿನ ಬೆವರನ್ನ ಆರಿಸುತ್ತೆ, ಬೆವರು ಆರುವಾಗ ಮೈಯಿಂದ ಬಿಸಿ ತಗೊಂಡು ಹೋಗುತ್ತೆ, ನಮಗೆ ತಂಪು ಅನ್ನಿಸುತ್ತೆ. ಮೈಯೇ ಇಲ್ಲದ ಖಾಲಿ ಕೋಣೇಲಿ ಫ್ಯಾನ್ ತಿರುಗಿದ್ರೆ ಮೋಟರ್ ಬಿಸಿ ಕೋಣೆಗೇ ಸೇರುತ್ತೆ. "ನಾವು ಬರೋಷ್ಟರಲ್ಲಿ ರೂಮು ತಣ್ಣಗಿರ್ಲಿ" ಅಂತ ಫ್ಯಾನ್ ಹಾಕಿಟ್ಟು ಹೋಗೋರು ಎಷ್ಟೋ ಜನ ಇದಾರೆ, ಅದರಿಂದ ಏನೂ ಉಪಯೋಗ ಇಲ್ಲ.

ಬಿಎಲ್‌ಡಿಸಿ ಫ್ಯಾನ್ ಅಂತ ಬರ್ತಿದೆಯಲ್ಲ, ಅದು ಅಷ್ಟೇ ಗಾಳಿಗೆ 28ರಿಂದ 35 ವ್ಯಾಟ್ ತಗೊಳ್ಳುತ್ತೆ, ಹಳೇದು 75. ಆದ್ರೆ ಎಲ್ಲಾ ಫ್ಯಾನೂ ಒಂದೇ ಸಲ ಬದಲಾಯಿಸಿ ಅಂತ ನಾನು ಹೇಳಲ್ಲ. ಒಂದು ಫ್ಯಾನಿಗೆ ಮೂರು ಸಾವಿರ ಅಂತಿಟ್ಕೊಳ್ಳಿ, ದಿನಕ್ಕೆ 14 ಗಂಟೆ ಓಡಿದ್ರೆ ತಿಂಗಳಿಗೆ ಉಳಿಯೋದು 19 ಯೂನಿಟ್, ಅಂದ್ರೆ 125 ರೂಪಾಯಿ ಆಸುಪಾಸು, ಅಸಲು ವಾಪಸ್ ಬರೋಕೆ ಅಂಥ 24 ತಿಂಗಳು ಬೇಕು. ದಿನಕ್ಕೆ ಎರಡು ಗಂಟೆ ಓಡೋ ಅಡುಗೆಮನೆ ಫ್ಯಾನಿಗೆ ಆ ದುಡ್ಡು ಯಾವತ್ತೂ ವಾಪಸ್ ಬರಲ್ಲ. ಜಾಸ್ತಿ ಗಂಟೆ ಓಡೋ ಎರಡನ್ನ ಮಾತ್ರ ಬದಲಾಯಿಸಿ, ನಾವು ಹಾಲಿಂದು ಮತ್ತೆ ಅಪ್ಪ-ಅಮ್ಮ ಮಲಗೋ ರೂಮಿಂದು ಬದಲಾಯಿಸಿದ್ವಿ, ಅಷ್ಟಕ್ಕೇ ತಿಂಗಳಿಗೆ 35 ಯೂನಿಟ್ ಇಳೀತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ ಆಗಿದೆ, ಅಂಗಡೀಲಿ ಡಬ್ಬದ ಮೇಲೆ ನೋಡಿ ತಗೊಳ್ಳಿ. ಮತ್ತೆ ಗೋಡೆ ಮೇಲೆ ದಪ್ಪನೆ ಹಳೇ ಡಬ್ಬಿ ರೆಗ್ಯುಲೇಟರ್ ಇದ್ರೆ, ಅದು ಫ್ಯಾನ್ ನಿಧಾನ ಮಾಡಿ ಉಳಿದ ಕರೆಂಟನ್ನ ಬಿಸಿ ಮಾಡಿ ಕಳೆಯುತ್ತೆ, ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿದ್ರೆ ಕಡಿಮೆ ಸ್ಪೀಡಲ್ಲಿ ನಿಜವಾಗಿ ಕರೆಂಟ್ ಉಳಿಯುತ್ತೆ.

ಫ್ರಿಜ್ಜಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗೋಡೆಗೆ ಒತ್ತಿ ಇಡಬೇಡಿ, ಒಳಗಿನ ಬಿಸಿ ಹಿಂದಿನಿಂದಲೋ ಪಕ್ಕದಿಂದಲೋ ಹೊರಗೆ ಹೋಗಬೇಕು, ಗೇಣು ಜಾಗ ಬಿಡಿ. ಬಾಗಿಲ ರಬ್ಬರಿಗೆ ಒಂದು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ರಬ್ಬರ್ ಹೋಗಿದೆ ಅಂತ. ಬೇಸಿಗೇಲಿ ಮಕ್ಕಳು ಗಳಿಗೆಗೊಂದ್ಸಲ ತಣ್ಣೀರಿಗೆ ಬಾಗಿಲು ತೆಗೀತಾರೆ, ಅದಕ್ಕೆ ನಾವು ಕುಡಿಯೋ ನೀರು ಮಣ್ಣಿನ ಮಡಕೆಗೆ ಹಾಕಿಟ್ವಿ. ಗೀಸರ್ ಇನ್ನೂ ಹಾಕ್ತಿದ್ರೆ ನಿಲ್ಲಿಸಿ, 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಕಾಯೋಕೆ 0.6 ಯೂನಿಟ್ ಬೇಕು, ನಾಲ್ಕು ಜನರ ಮನೇಲಿ ದಿನಾ ಮೂರು ಸಲ ಕಾಯಿಸಿದ್ರೆ ತಿಂಗಳಿಗೆ 54 ಯೂನಿಟ್, ಅದೂ ತಾರಸಿ ಟ್ಯಾಂಕಲ್ಲಿ ನೀರು ತಾನೇ ಕಾದಿರೋ ಕಾಲದಲ್ಲಿ.

ಮಡಕೆ ಅಂದ್ನಲ್ಲ, ಆ ಮಡಕೆ ಕೆಲಸ ಮಾಡೋ ಗುಟ್ಟೇ ಕೂಲರ್‌ದೂ. ನೀರು ಆವಿ ಆಗೋಕೆ ಸುತ್ತಲಿಂದ ಬಿಸಿ ಎಳ್ಕೊಳ್ಳುತ್ತೆ. ಎಷ್ಟು ಅಂದ್ರೆ, ಒಂದು ಲೀಟರ್ ನೀರು ಆವಿಯಾದ್ರೆ ಸುಮಾರು 0.67 ಯೂನಿಟ್‌ನಷ್ಟು ಬಿಸಿ ಗಾಳಿಯಿಂದ ತೆಗೆದ ಹಾಗೆ, ಗಂಟೆಗೆ ಐದು ಲೀಟರ್ ಕುಡಿಯೋ ಕೂಲರ್ರು ಅದೇ ಗಂಟೇಲಿ ಮೂರು ಯೂನಿಟ್‌ಗಿಂತ ಹೆಚ್ಚು ಬಿಸಿ ತೆಗೆಯುತ್ತೆ, ಅದಕ್ಕೆ ಅದು ತಗೊಳ್ಳೋ ಕರೆಂಟು 150 ವ್ಯಾಟ್ ಅಷ್ಟೇ, ಉಳಿದ ಕೆಲಸ ನೀರಿಂದು. ಆದ್ರೆ ಗಾಳಿ ಒಣ ಇರಬೇಕು. ರಾಯಚೂರು, ಕಲಬುರಗಿ, ವಿಜಯಪುರ, ಬಳ್ಳಾರಿ ಕಡೆ ಮಾರ್ಚ್-ಏಪ್ರಿಲ್ ಗಾಳಿಗೆ ತುಟಿ ಒಡೆಯುತ್ತೆ, ಅಲ್ಲಿ ಕೂಲರ್ ಅಂದ್ರೆ ಬಂಗಾರ. ನಮ್ಮ ದಾವಣಗೆರೇಲೂ ಪರವಾಗಿಲ್ಲ. ನಮ್ಮ ಅತ್ತಿಗೆ ತವರು ಮಂಗಳೂರು, ಅವರ ತಮ್ಮ ಇಲ್ಲಿ ಬಂದಾಗ ನಮ್ಮ ಕೂಲರ್ ನೋಡಿ ಊರಲ್ಲೂ ಒಂದು ತಗೊಂಡ್ರು, ಎರಡೇ ದಿನಕ್ಕೆ ಮೂಲೆಗೆ ಸೇರಿತು. ಕರಾವಳಿ ಗಾಳೀಲಿ ಆಗಲೇ ನೀರು ತುಂಬಿರುತ್ತೆ, ಇನ್ನೂ ಆವಿ ಹಿಡಿಯೋಕೆ ಜಾಗ ಇಲ್ಲ, ಕೂಲರ್ ಹಾಕಿದ್ರೆ ಸೆಕೆ ಹೆಚ್ಚಾಗುತ್ತೆ, ಬಟ್ಟೆ ಹಾಸಿಗೆ ಎಲ್ಲಾ ಹಸಿ ಹಸಿ. ಅಲ್ಲಿ ಫ್ಯಾನು, ಆಗದಿದ್ರೆ ಎಸಿ, ಮಧ್ಯದ ದಾರಿ ಇಲ್ಲ.

ಒಣ ಊರಲ್ಲೂ ಕೂಲರ್ ಇಡೋ ರೀತೀಲಿ ತುಂಬ ಜನ ತಪ್ಪು ಮಾಡ್ತಾರೆ. ಬಾಗಿಲು ಕಿಟಕಿ ಎಲ್ಲಾ ಮುಚ್ಚಿ ಕೋಣೆ ಮಧ್ಯ ಇಡ್ತಾರೆ, ಒಂದು ಗಂಟೇಲಿ ಒಳಗಿನ ಗಾಳಿಯೇ ಮಂಗಳೂರು ಗಾಳಿ ಆಗಿಬಿಡುತ್ತೆ. ಕೂಲರ್ ಬೆನ್ನು ಕಿಟಕಿ ಕಡೆ ಇರಬೇಕು, ಹೊರಗಿನ ಒಣ ಗಾಳಿ ಎಳೀಬೇಕು, ಎದುರು ಕಡೆ ಬಾಗಿಲೋ ಕಿಟಕಿಯೋ ಸ್ವಲ್ಪ ತೆರೆದಿರಬೇಕು. ಹುಲ್ಲಿನ ಪ್ಯಾಡಲ್ಲಿ ಉಪ್ಪು ಕಟ್ಟಿದ್ರೆ ಬದಲಾಯಿಸಿ, ಬೋರ್‌ವೆಲ್ ನೀರಿಗೆ ಬೇಗ ಕಟ್ಟುತ್ತೆ. ನೀರು ದಿನಾ ಬಿಟ್ಟು ಹೊಸದು ಹಾಕಿ, ಇಲ್ಲಾಂದ್ರೆ ಸೊಳ್ಳೆ ಮೊಟ್ಟೆ ಇಡುತ್ತೆ. ಕೂಲರ್ ದಿನಕ್ಕೆ 8 ಗಂಟೆ ಓಡಿದ್ರೆ ತಿಂಗಳಿಗೆ 36 ಯೂನಿಟ್.

ಎಸಿ ಇರೋರಿಗೆ ಲೆಕ್ಕ ಬೇರೆ. ಒಂದೂವರೆ ಟನ್ ಇನ್ವರ್ಟರ್ ಎಸಿ ಸುಡೋ ಬೇಸಿಗೆ ರಾತ್ರೀಲಿ 8 ಗಂಟೆಗೆ 6ರಿಂದ 8 ಯೂನಿಟ್ ತಿನ್ನುತ್ತೆ, ತಿಂಗಳಿಗೆ 180ರಿಂದ 240. ದಿನಾ ರಾತ್ರಿಯಿಡೀ ಎಸಿ ಬೇಕು ಅಂದ್ರೆ 200ರ ಆಸೆ ಬಿಡಿ, ಇರೋದರಲ್ಲಿ ಕಡಿಮೆ ಮಾಡೋಕೆ ನೋಡಿ. 16 ಡಿಗ್ರಿಗೆ ಇಟ್ರೆ ಬೇಗ ತಂಪಾಗುತ್ತೆ ಅನ್ನೋದು ತಪ್ಪು ತಿಳುವಳಿಕೆ, 24ಕ್ಕೆ ಇಟ್ರೂ ಕೋಣೆ ಬಿಸಿ ಇರೋವರೆಗೆ ಕಂಪ್ರೆಸರ್ ಪೂರ್ತಿ ಜೋರಲ್ಲೇ ಓಡುತ್ತೆ, ಆದ್ರೆ 16ಕ್ಕೆ ಇಟ್ರೆ ಅದು ನಿಲ್ಲೋದೇ ಇಲ್ಲ. ಒಂದು ಡಿಗ್ರಿ ಏರಿಸಿದ್ರೆ ಸುಮಾರು ಶೇ. 6 ಕರೆಂಟ್ ಉಳಿಯುತ್ತೆ ಅಂತ ಬಿಇಇ ಹೇಳುತ್ತೆ, ಸ್ಟಾರ್ ಲೇಬಲ್ ಕೊಡೋ ಕೇಂದ್ರದ ಸಂಸ್ಥೆ ಅದು, 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರೋ ರೂಮ್ ಎಸಿಗಳು ಆನ್ ಮಾಡಿದ ತಕ್ಷಣ 24ರಲ್ಲೇ ಶುರುವಾಗಬೇಕು ಅಂತ ನಿಯಮ ಮಾಡಿದ್ದೂ ಅದಕ್ಕೇ. 26ಕ್ಕೆ ಇಟ್ಟು ಫ್ಯಾನ್ ಸಣ್ಣಗೆ ಹಾಕಿ ನೋಡಿ, ಮೂರು ಗಂಟೆಗೆ ಟೈಮರ್ ಇಟ್ಟು ಮಲಗಿ. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೀರಿ. ಕೊಳ್ಳೋವಾಗ ಲೇಬಲ್ ಮೇಲಿನ ವರ್ಷದ ಯೂನಿಟ್ ನೋಡ್ತೀರಲ್ಲ, ಅದು ವರ್ಷಕ್ಕೆ 1600 ಗಂಟೆ ಓಡಿಸಿದ ಲೆಕ್ಕ, ನೀವು ಬರೀ ಎರಡು ತಿಂಗಳು ಬಳಸೋರಾದ್ರೆ 5 ಸ್ಟಾರಿಗೆ ಕೊಡೋ ಹೆಚ್ಚಿನ ದುಡ್ಡು ವಾಪಸ್ ಬರೋದು ಕಷ್ಟ, 3 ಸ್ಟಾರ್ ಸಾಕು.

ಇಷ್ಟೆಲ್ಲಾ ಹೇಳಿದ್ರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ತಾರಸಿ. ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತು ಗಂಟೆಗೆ ಮಂಚದ ಮೇಲೆ ನಿಂತು ಸೂರಿಗೆ ಅಂಗೈ ಇಟ್ಟು ನೋಡಿ. ಹೊರಗೆ ಗಾಳಿ ತಂಪಾಗಿರುತ್ತೆ, ಸೂರು ಮಾತ್ರ ಆಗಷ್ಟೇ ಒಲೆಯಿಂದ ಇಳಿಸಿದ ರೊಟ್ಟಿ ಹಂಚಿನ ಥರ ಬಿಸಿ. ಬೆಳಗಿಂದ ಸಂಜೆವರೆಗೆ ಬಿಸಿಲು ಕುಡಿದ ಆರ್‌ಸಿಸಿ ಅದನ್ನ ರಾತ್ರಿ ಪೂರ್ತಿ ಕೆಳಗೆ ಬಿಡುತ್ತೆ, ಸೂರಿನ ಕೆಳಗಿರೋ ಫ್ಯಾನು ಅದೇ ಬಿಸಿ ಗಾಳೀನ ನಮ್ಮ ಮೇಲೆ ತಳ್ಳುತ್ತೆ. ಅದಕ್ಕೇ ಐದರಲ್ಲಿಟ್ರೂ ನಿದ್ದೆ ಬರಲ್ಲ. ನಮ್ಮಜ್ಜಿ ಮನೆ ಮಣ್ಣಿನ ಮಾಳಿಗೆ, ಗೋಡೆ ಮೊಳ ದಪ್ಪ, ಮೇಲೆ ಒಂದು ಬೆಳಕಿಂಡಿ, ಮಧ್ಯಾಹ್ನ ಒಳಗೆ ಹೋದ್ರೆ ಕಣ್ಣು ಕತ್ತಲೆ ಕಟ್ಟಿ ಮೈ ತಂಪಾಗ್ತಿತ್ತು, ಆಗ ಅಲ್ಲಿ ಫ್ಯಾನೇ ಇರ್ಲಿಲ್ಲ.

ಆ ಮನೆ ಈಗ ಕಟ್ಟೋಕಾಗಲ್ಲ, ಆದ್ರೆ ತಾರಸಿಗೆ ಬಿಳಿ ಬಳಿಯೋಕಾಗುತ್ತೆ. ಬಿಳಿ ಬಣ್ಣ ಬಿಸಿಲನ್ನ ವಾಪಸ್ ಕಳಿಸುತ್ತೆ, ಕಾಂಕ್ರೀಟ್ ಕುಡಿಯೋದೇ ಕಡಿಮೆ ಆಗುತ್ತೆ, ಕೋಣೆ ಬಿಸಿ 2ರಿಂದ 5 ಡಿಗ್ರಿವರೆಗೆ ಇಳಿಯುತ್ತೆ. ಪಕ್ಕದ ತೆಲಂಗಾಣದಲ್ಲಿ 2023ರಲ್ಲಿ ಇದಕ್ಕೇ ಅಂತ ಕೂಲ್ ರೂಫ್ ನೀತಿಯನ್ನೇ ತಂದ್ರು. ಅಂಗಡೀಲಿ ಕೂಲ್ ರೂಫ್ ಪೇಂಟ್ ಸಿಗುತ್ತೆ, ದುಬಾರಿ, ಬಾಳಿಕೆ ಬರುತ್ತೆ. ನಾವು ಬಳಿದದ್ದು ಸುಣ್ಣ. ತಾರಸಿ ಗುಡಿಸಿ, ತೊಳೆದು, ಪಾಚಿ ಕೆರೆದು, ಸುಣ್ಣ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಸೋಸಿ, ಹಿಡಿತಕ್ಕೆ ಸ್ವಲ್ಪ ಬಿಳಿ ಸಿಮೆಂಟು ಮತ್ತೆ ಫೆವಿಕಾಲ್ ಕಲಸಿ, ಬಿಸಿಲು ಏರೋಕೆ ಮುಂಚೆ ಎರಡು ಕೋಟು ಹೊಡೆದ್ವಿ, ಮಕ್ಕಳೂ ಪೊರಕೆ ಹಿಡ್ಕೊಂಡು ಬಂದ್ರು. ಆವತ್ತು ರಾತ್ರಿ ಮತ್ತೆ ಸೂರಿಗೆ ಕೈ ಇಟ್ಟೆ, ಬರೀ ಬೆಚ್ಚಗಿತ್ತು. ಅಮ್ಮ ಫ್ಯಾನ್ ಮೂರಕ್ಕೆ ಇಳಿಸಿ ಮಲಗಿದ್ರು.

ಕಿಟಕಿ ವಿಷಯಾನೂ ಇದರ ಜೊತೆಗೇ ಬರುತ್ತೆ. ಬೆಳಿಗ್ಗೆ ಒಂಬತ್ತು-ಹತ್ತರ ಮೇಲೆ ಕಿಟಕಿ ಮುಚ್ಚಿ ಪರದೆ ಎಳೀರಿ, ಹೊರಗಿನ ಗಾಳಿ ಒಳಗಿಗಿಂತ ಬಿಸಿ ಇರುತ್ತೆ, ತೆರೆದಿಟ್ರೆ ಧಗೆ ಕರೆದು ಕೂರಿಸಿದ ಹಾಗೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೇಲಿ ಏಪ್ರಿಲ್-ಮೇನಲ್ಲಿ ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಮಾಡ್ತಾರಲ್ಲ, ಮನೆ ಕೆಲಸಕ್ಕೂ ಅದೇ ಟೈಮು ಒಳ್ಳೇದು, ಇಸ್ತ್ರಿ, ಒಲೆ ಕೆಲಸ ಎಲ್ಲಾ ಬೆಳಿಗ್ಗೇನೇ ಮುಗಿಸಿದ್ರೆ ಮಧ್ಯಾಹ್ನದ ಬಿಸಿ ಮೇಲೆ ಇನ್ನೊಂದು ಬಿಸಿ ಬೀಳಲ್ಲ. ಪಡುವಣ ಗೋಡೆ ಕಿಟಕಿಗೆ ಹೊರಗಿನಿಂದ ಬಿದಿರಿನ ಪರದೆನೋ ಹಸಿರು ನೆಟ್ಟೋ ಕಟ್ಟಿ, ಒಳಗಿನ ಪರದೆಗಿಂತ ಅದು ಮೇಲು, ಬಿಸಿಲು ಗಾಜು ದಾಟೋಕೆ ಮುಂಚೆನೇ ನಿಲ್ಲುತ್ತೆ. ರಾತ್ರಿ ಎಂಟರ ಮೇಲೆ ಎದುರುಬದುರು ಕಿಟಕಿ ತೆರೀರಿ. ಸೊಳ್ಳೆಗೆ ಹೆದರಿ ಮುಚ್ಚೋದೇ ನಮ್ಮ ದೊಡ್ಡ ತೊಂದರೆ ಆಗಿತ್ತು, ಎರಡು ಕಿಟಕಿಗೆ ಮೆಶ್ ಹಾಕಿಸಿದ್ವಿ.

ಮನೆ ಮೇಲೆ ಸೋಲಾರ್ ಹಾಕಿಸೋ ಶಕ್ತಿ ಇರೋರಿಗೆ 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ ಇದೆ, 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000, ಮೂರಕ್ಕೆ ಒಟ್ಟು 78,000 ಸಬ್ಸಿಡಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ. ಎಸಿ ಬಳಸೋ ಮನೆಗೆ ಇದು ಯೋಚಿಸೋ ಮಾತು, ನಮ್ಮಂಥ ಮನೆಗೆ ಮೊದಲು ಸುಣ್ಣ.

ಈಗ ಅಪ್ಪ ಗೇಟ್ ಹತ್ರ ಕ್ಯಾಲೆಂಡರ್ ತೂಗುಹಾಕಿದಾರೆ, ದಿನಾ ಸಂಜೆ ಹೂವಿಗೆ ನೀರು ಹಾಕೋಕೆ ಹೋದಾಗ ಮೀಟರ್ ನೋಡಿ ಆ ತಾರೀಕಿನ ಚೌಕದಲ್ಲಿ ಬರೀತಾರೆ. 200ನ್ನ 30ರಿಂದ ಭಾಗಿಸಿದ್ರೆ ದಿನಕ್ಕೆ ಆರೂಮುಕ್ಕಾಲಿಗಿಂತ ಚೂರು ಕಮ್ಮಿ, ಹತ್ತು ದಿನಕ್ಕೆ 66 ದಾಟಿದ್ರೆ ಅವತ್ತೇ ಹೇಳ್ತಾರೆ, ರೀಡಿಂಗ್ ಆದ ಮೇಲೆ ಅಲ್ಲ. ಈ ವರ್ಷ ಕೂಲರ್ ಹೊಸದಾಗಿ ಸೇರಿದ್ರೂ ಏಪ್ರಿಲ್‌ಗೆ 183 ಬಂತು. ಒಂದೇ ಮಳೆಗಾಲಕ್ಕೆ ತಾರಸಿ ಸುಣ್ಣ ಅರ್ಧಕ್ಕರ್ಧ ತೊಳೆದುಹೋಗಿತ್ತು, ಅದಕ್ಕೆ ಯುಗಾದಿ ಸುಣ್ಣ-ಬಣ್ಣದ ಜೊತೇಲೇ ತಾರಸಿಗೂ ಇನ್ನೊಂದು ಕೋಟು ಹೊಡೆದಿದ್ವಿ.